ಈಯುವ ಹಸುವನ್ನು ನೋಡಬಾರದು

ನಡುಮನೆಯ ಟಿವಿಯಲ್ಲಿ ಆ ಮನೆಯ ಸೊಸೆ ಅಳುತ್ತಿದ್ದಳು!

ಧಾರಾವಾಹಿಯಲ್ಲ. ಧಾರಾವಾಹಿಯಾಗಿದ್ದರೆ ಎದುರಿಗೆ ಕುಳಿತವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದರೊಳಗಿನ ಅತ್ತೆಗೆ ನಾಲ್ಕು ಶಾಪವನ್ನಾದರೂ ಹಾಕುತ್ತಿದ್ದರು. ಇದು ಮಹದೇವಪುರದ ಬೈಲಪ್ಪನವರ ಮನೆ. ಟಿವಿಯಲ್ಲಿ ಕಾಣುತ್ತಿದ್ದುದು ಅದೇ ಮನೆಯ ಹಿತ್ತಿಲಿನ ಕೊಟ್ಟಿಗೆ. ಗೋದಲಿಯ ಕಟ್ಟೆಯ ಮೇಲೆ ಕುಳಿತು, ಮೊಬೈಲನ್ನು ಹುಲ್ಲಿನ ಹೊರೆಗೆ ಒರಗಿಸಿ, ಅದರೊಳಗಿನ ಒಂದು ಮುಖದೊಂದಿಗೆ ಬಿಕ್ಕುತ್ತ ಮಾತನಾಡುತ್ತಿದ್ದವಳು ಬೈಲಪ್ಪನವರ ಸೊಸೆ ಹಂಸ. ತನ್ನ ಅಳು ನಡುಮನೆಗೆ ಕೇಳಿಸುತ್ತಿದೆ ಎಂಬುದು ಪಾಪ, ಅವಳಿಗೆ ಗೊತ್ತಿಲ್ಲ. ಇತ್ತ ಹೊಟ್ಟೆ ಬಿರಿಯ ಉಂಡು ಕಾಲು ಚಾಚಿದ್ದ ನೆಂಟರು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ನೋಡುತ್ತಿದ್ದರು. ರಿಮೋಟು ಅವಳ ಗಂಡ ಕೆಂಪರಾಜನ ತೊಡೆಯ ಮೇಲಿತ್ತು. ಒಂದು ಗುಂಡಿ... ಒಂದೇ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು! ಯಾರೂ ಒತ್ತಲಿಲ್ಲ.

ಇದನ್ನೆಲ್ಲ ಟಿವಿಗೆ ತರುತ್ತಿದ್ದ ಕ್ಯಾಮೆರಾ ಕೊಟ್ಟಿಗೆಗೆ ಬಂದದ್ದು ಅಂದೇ ಬೆಳಿಗ್ಗೆ. ಕೆಂಪರಾಜನಿಗೆ ಮೊದಲಿಂದಲೂ ಕ್ಯಾಮೆರಾ ಎಂದರೆ ಹುಚ್ಚು. ಅಪ್ಪನ ರಾಗಿ ಹೊಲಗಳಿದ್ದಲ್ಲಿ ಗಾಜಿನ ಕಟ್ಟಡಗಳೆದ್ದು, ಉಳಿದ ಜಾಗದಲ್ಲಿ ಇವರದೇ ಬಾಡಿಗೆ ಮನೆಗಳು ತಲೆಯೆತ್ತಿದ ಮೇಲೆ ಗೇಟಿಗೊಂದು, ಮೆಟ್ಟಿಲಿಗೊಂದು, ನೀರಿನ ಸಂಪಿಗೊಂದು ಕ್ಯಾಮೆರಾ ಹಾಕಿಸಿ, ಯಾರು ಯಾವಾಗ ಬಂದರು, ಹೋದರು ಎಂದು ಫೋನಿನಲ್ಲೇ ನೋಡುವುದು ಅವನ ಕಸುಬಾಗಿತ್ತು. ಹಳೆಯ ಬದುಕಿನದೆಂದು ಉಳಿದಿದ್ದುದು ಆ ಕೊಟ್ಟಿಗೆ, ಅದರೊಳಗೆ ಕೆಂದಿ ಎಂಬ ಒಂಟಿ ಹಸು. ಅದಕ್ಕೀಗ ದಿನ ತುಂಬಿತ್ತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಟ್ಟು, ನೆಂಟರೆಲ್ಲ ಕೂಡಿ ಉಣ್ಣುವ ದಿನವೇ ಅದು ಈಯುವಂತಿತ್ತು. ಮಾತುಕತೆಯ ನಡುವೆ ಎದ್ದೆದ್ದು ಹೋಗಿ ನೋಡುವವರು ಯಾರು? ಧ್ವನಿಯೂ ಕೇಳಿಸುವಂಥ ಒಂದು ಕ್ಯಾಮೆರಾವನ್ನು ಕೊಟ್ಟಿಗೆಯ ತೊಲೆಗೆ ಬಿಗಿಸಿ, ನಡುಮನೆಯ ದೊಡ್ಡ ಟಿವಿಗೆ ಜೋಡಿಸಿಬಿಟ್ಟ.

"ಬ್ಯಾಡ ಕಣೋ ಕೆಂಪ," ಎಂದಿದ್ದರು ತಾಯಿ ಮುನಿಶಾಮಮ್ಮ. "ಈಯೋ ಹಸುನ ನೋಡಬಾರ್ದು, ದೃಷ್ಟಿ ಆಗ್ತೈತೆ. ನಮ್ಮತ್ತೆ ಕಾಲದಿಂದ್ಲೂ ಬಾಗ್ಲಿಗೆ ಗೋಣಿತಾಟು ಕಟ್ಟೇ ಈಯಿಸಿರೋದು."

"ಅಮ್ಮಾ, ಯಾವ ಕಾಲದಲ್ಲಿದ್ದೀಯ ನೀನು!" ಎಂದು ನಕ್ಕಿದ್ದ ಮಗ.

ಈ ಮಾತು ನಡೆದಾಗ ಬೈಲಪ್ಪನವರಿದ್ದರು, ಅವರ ತಮ್ಮ ಪೀರಪ್ಪನಿದ್ದ, ಪೀರಪ್ಪನ ಹೆಂಡತಿಯಿದ್ದಳು. ಅಡುಗೆಮನೆಯಲ್ಲಿ ಮಸಾಲೆ ರುಬ್ಬುತ್ತಿದ್ದ ಹಂಸಳಿಗೆ ಮಾತ್ರ ತಿಳಿಯಲಿಲ್ಲ. ಬೇಕೆಂದೇ ಮುಚ್ಚಿಟ್ಟರು ಎಂದೇನೂ ಅಲ್ಲ. ಅವಳಿಗೂ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ಮುಚ್ಚಿಡಬೇಕಾದರೂ ಅಲ್ಲೊಂದು ಜೀವವಿದೆ ಎಂಬ ಗ್ಯಾನವಿರಬೇಕಲ್ಲ!

ಹಂಸಳಿಗೇನು ಕಷ್ಟವಿತ್ತು ಎಂದು ಕೇಳುವವರಿದ್ದಾರೆ. ಹೊಡೆಯಲಿಲ್ಲ, ಬಡಿಯಲಿಲ್ಲ, ತವರಿನಿಂದ ಅದು ತಾ ಇದು ತಾ ಎನ್ನಲಿಲ್ಲ. ಇದನ್ನೇ ಒಂದು ದೊಡ್ಡ ಉಪಕಾರವೆಂಬಂತೆ ಆ ಮನೆಯವರು ಹೇಳಿಕೊಳ್ಳುತ್ತಿದ್ದರು! ಆದರೆ ಬೆಳಗಾದರೆ ಹಂಸಾ, ಕಾಫಿಗೆ ಹಂಸಾ, ಕಾಣದ ಕನ್ನಡಕಕ್ಕೆ ಹಂಸಾ, ನೀರಿನ ಮೋಟಾರಿಗೆ ಹಂಸಾ. ಎಲ್ಲಕ್ಕಿಂತ ಜೋರಾಗಿ, ಕೊಡಲಿಯಿಂದ ಸೌದೆ ಸೀಳಿದಂತೆ ಅತ್ತೆ ಮುನಿಶಾಮಮ್ಮನವರ ಕೂಗು. ಮದುವೆಯಾಗಿ ಬಂದಾಗಿನಿಂದ ಎಲ್ಲರದ್ದಾದ ಮೇಲೆ, ಅಡುಗೆಕಟ್ಟೆಯ ಪಕ್ಕ ನಿಂತೇ ಊಟ. ಒಂದು ದಿನ ಯಾರೋ ಕೂಗಿದ ಕೂಡಲೇ ಅವಳ ಕೈಯಲ್ಲಿದ್ದ ಸೌಟು ಬಿತ್ತು. ಎದೆ ಹೊಡೆದುಕೊಳ್ಳತೊಡಗಿ, ಉಸಿರು ಸಿಕ್ಕದೆ, ತಾರಸಿಗೆ ಓಡಿಹೋಗಿ ನೀರಿನ ಟ್ಯಾಂಕಿನ ಹಿಂದೆ ಕುಳಿತುಬಿಟ್ಟಳು. ಬಟ್ಟೆ ಒಣಹಾಕಲು ಬಂದಿದ್ದ ಬಾಡಿಗೆ ಮನೆಯ ಹುಡುಗಿ ಪೂಜಿತಾ ಅದನ್ನು ನೋಡಿದಳು.

"ಅಕ್ಕಾ, ನಂಗೂ ಹಿಂಗೇ ಆಗ್ತಿತ್ತು. ನಾನು ಒಬ್ರ ಹತ್ರ ಮಾತಾಡ್ತೀನಿ. ಫೋನಲ್ಲೇ, ವೀಡಿಯೋ ಕಾಲು. ಕೌನ್ಸೆಲರ್ ಅವ್ರು. ನೀವೂ ಒಂದ್ಸಲ ಮಾತಾಡಿ ನೋಡಿ."

ಹೀಗೆ ಹಂಸಳ ಬದುಕಿಗೆ ಬಂದವಳು ಫ್ರೇಜರ್ ಟೌನಿನ ಅಂಬ್ರೀನ್. ಮೊದಲ ದಿನ ಆಕೆ ಕೇಳಿದ್ದು ರೋಗದ ಹೆಸರಲ್ಲ, ಗಂಡನ ಸಂಬಳವಲ್ಲ. "ಇವತ್ತು ಬೆಳಿಗ್ಗೆ ಏನ್ ತಿಂದ್ರಿ ಹಂಸ ಅವರೇ?" ಎಂದು ಕೇಳಿದಳು. ಹಂಸ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮನೆಮಂದಿಯೆಲ್ಲ ಎಷ್ಟೆಷ್ಟು ದೋಸೆ ತಿಂದರೆಂಬುದು ನೆನಪಿತ್ತು... ತಾನು ತಿಂದದ್ದು ನೆನಪಿರಲಿಲ್ಲ!

ಅಂದಿನಿಂದ ಪ್ರತಿ ಬುಧವಾರ ಮಧ್ಯಾಹ್ನ, ಅತ್ತೆ ಒಂದು ನಿದ್ದೆ ತೆಗೆಯುವ ಹೊತ್ತಿಗೆ, ಅರ್ಧ ಗಂಟೆ ಅವಳದಾಯಿತು. ಆ ಮನೆಯಲ್ಲಿ ಅಗುಳಿ ಹಾಕಿಕೊಂಡು ಕೂರಬಹುದಾದ ಜಾಗ ಅವಳಿಗೆ ಒಂದೇ ಒಂದಿತ್ತು, ಕೊಟ್ಟಿಗೆ. ವಾರವಿಡೀ ಅವಳು ಬದುಕುತ್ತಿದ್ದುದು ಆ ಅರ್ಧ ಗಂಟೆಯ ದಾರಿ ನೋಡುತ್ತ. "ಈ ವಾರ ಒಂದೇ ಒಂದು ಕೆಲಸ ಮಾಡಿ. ಹಸಿವಾದಾಗ ಊಟ ಮಾಡಿ. ಕೂತ್ಕೊಂಡು," ಎಂದು ಒಮ್ಮೆ ಅಂಬ್ರೀನ್ ಹೇಳಿದಳು. ಅದನ್ನು ಕೇಳಿ ಹಂಸ ಒಂದು ಮಧ್ಯಾಹ್ನ ಮಾವನಿಗಿಂತ ಮೊದಲು ತಟ್ಟೆ ಹಾಕಿಕೊಂಡು ಕುಳಿತಾಗ ಮನೆಯಲ್ಲಿ ಎದ್ದ ರಂಪವೇನು! "ಅಯ್ಯಯ್ಯೋ, ಗಂಡಸ್ರು ಉಣ್ಣೋಕೆ ಮೊದ್ಲೇ ಮುದ್ದೆ ಮುರಿದ್ಳಲ್ಲಪ್ಪ! ನಾನು ಈ ಮನೇಗ್ ಬಂದಾಗಿಂದ ಬಿಸಿ ಮುದ್ದೆ ಮಖ ನೋಡಿಲ್ಲ, ಗೊತ್ತಾ?" ಎಂದು ಮುನಿಶಾಮಮ್ಮ ಎದೆ ಬಡಿದುಕೊಂಡರು. ತಾನು ಪಟ್ಟ ಪಾಡನ್ನೇ ಪದಕದಂತೆ ಎದೆಗೆ ಚುಚ್ಚಿಕೊಂಡು, ಅದನ್ನೇ ಸೊಸೆಗೂ ಚುಚ್ಚುವ ಈ ನ್ಯಾಯ ಯಾವ ಪುಣ್ಯಾತ್ಮ ಬರೆದದ್ದೋ!

ಎಡೆಯ ದಿನವೂ ಬುಧವಾರವೇ ಬಂತು. ಗಾಂಧಿ ಜಯಂತಿಯೂ ಅಂದೇ ಆಗಿ ಮಾಂಸದಂಗಡಿ ಮುಚ್ಚಿರುತ್ತದೆಂದು ಹಿಂದಿನ ದಿನವೇ ತಂದಿಟ್ಟಿದ್ದರು. ನಸುಕಿಗೆ ಎದ್ದ ಹಂಸ ಸಾರು, ಮುದ್ದೆ, ವಡೆ, ಕಜ್ಜಾಯ ಎಲ್ಲ ಮಾಡಿ, ಎರಡು ಪಂಕ್ತಿಗೆ ಬಡಿಸಿ, ಎಲೆ ಎತ್ತಿದಳು. ಅವಳ ಮಕ್ಕಳಿಬ್ಬರೂ ರಜೆಗೆಂದು ಬಾಣಸವಾಡಿಗೆ, ಅವಳ ತವರಿಗೆ ಹೋಗಿದ್ದರು. ಅವರಾದರೂ ಇದ್ದಿದ್ದರೆ "ಅಮ್ಮಾ, ನಿಂದು?" ಎನ್ನುತ್ತಿದ್ದರೇನೋ. ಇಷ್ಟು ಜನರಲ್ಲಿ ಒಬ್ಬರೂ ಅನ್ನಲಿಲ್ಲ. ಮುನಿಶಾಮಮ್ಮನವರೂ ನೆಂಟರ ನಡುವೆ ಕುಳಿತುಬಿಟ್ಟಿದ್ದರು. ಹಂಸ ಕೈ ತೊಳೆದುಕೊಂಡು, ಫೋನು ಸೆರಗಿನಲ್ಲಿ ಮುಚ್ಚಿಕೊಂಡು, ಹಸಿದ ಹೊಟ್ಟೆಯಲ್ಲೇ ಕೊಟ್ಟಿಗೆಗೆ ಹೋಗಿ ಅಗುಳಿ ಹಾಕಿಕೊಂಡಳು.

ಅಷ್ಟರಲ್ಲಿ, ಹಸು ಹೇಗಿದೆ ನೋಡೋಣವೆಂದು ಕೆಂಪರಾಜ ಟಿವಿ ಹಾಕಿದ. ಆಮೇಲೆ ನಡೆದದ್ದೇ ಈ ಆಟ.

"ಹೆಸರು ಕೂಗಿದ್ರೆ ಎದೆ ಝಲ್ ಅನ್ನುತ್ತೆ ಮೇಡಂ, ಈಗ್ಲೂ... ಎಲ್ಲಾರ್ದೂ ಊಟ ಆಯ್ತು. ನೀನು ಉಂಡ್ಯಾ ಅಂತ ಒಬ್ರೂ ಕೇಳ್ಲಿಲ್ಲ. ಅಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ? ಇದೂ ಒಂದು ಕಷ್ಟನಾ?"

"ನಿಮಗೆ ನೋವಾಗಿದೆ ಹಂಸ ಅವರೇ. ಅದು ಚಿಕ್ಕದು ಅಂತ ನೀವ್ಯಾಕೆ ಅಂದ್ಕೋಬೇಕು?"

"ನಮ್ಮನೆಯವ್ರು ಬಾಡಿಗೆಯವ್ರ ಮನೇಲಿ ನಲ್ಲಿ ಸೋರಿದ್ರೂ ಓಡ್ತಾರೆ. ನಂಗೆ ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ, ಫೋನ್ ಜಾಸ್ತಿ ನೋಡ್ಬೇಡ ಅಂತ ಹೇಳಿ, ತಾವು ಫೋನ್ ನೋಡ್ತಾ ಮಲಗ್ತಾರೆ."

ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಕೆಂಪರಾಜನಂಥವರನ್ನು ಕಂಡೇ ಹುಟ್ಟಿರಬೇಕು. ಅವನ ಮುಖ ಕೆಂಪಾಯಿತು. ಕೈ ರಿಮೋಟಿನ ಮೇಲೆ ಹೋಯಿತು, ಆದರೆ ಅಲ್ಲೇ ನಿಂತಿತು. ಇನ್ನೂ ಏನೇನು ಹೇಳುತ್ತಾಳೋ ಕೇಳಿಯೇ ಬಿಡೋಣ ಎಂಬ ಹಟ. ಹೆಂಡತಿ ಎದುರಿಗೆ ಕುಳಿತು ಹೇಳಿದಾಗ ಇಲ್ಲದ ಕಿವಿ ಈಗ ಎಲ್ಲಿಂದ ಬಂತೋ!

"ನಮ್ಮತ್ತೆನೂ ಇಲ್ಲಿಗೇ ಬರ್ತಾರೆ ಮೇಡಂ," ಎಂದಳು ಟಿವಿಯೊಳಗಿನ ಹಂಸ, ಕೆಂದಿಯ ಬೆನ್ನು ಸವರುತ್ತ. "ಯಾರಿಗೂ ಗೊತ್ತಿಲ್ಲ, ನಾನೊಂದಿನ ನೋಡ್ದೆ. ಇವಳ ಕತ್ತು ತಬ್ಬಿಕೊಂಡು ಅಳ್ತಿದ್ರು. 'ನಾನು ಇದ್ದೀನಾ ಸತ್ತಿದ್ದೀನಾ ಅಂತ ಈ ಮನೇಲಿ ಯಾರಿಗೆ ಬೇಕು ಹೇಳೇ ಕೆಂದಿ, ನನ್ನ ಗಂಡ ನನ್ನ ಜೊತೆ ಬಾಯಿ ಬಿಟ್ಟು ಮಾತಾಡಿ ಎಷ್ಟು ಕಾಲ ಆಯ್ತೇ' ಅಂತ... ಅವತ್ತಿಂದ ಅವ್ರು ಬೈದ್ರೆ ನಂಗೆ ಸಿಟ್ಟು ಬರಲ್ಲ. ಹೆದರಿಕೆ ಆಗುತ್ತೆ. ನಾನೂ ಹಂಗೇ ಆಗ್ಬಿಡ್ತೀನಾ ಮೇಡಂ? ಹಸು ಹತ್ರ ಅತ್ತು, ಸೊಸೆ ಮೇಲೆ ಕೂಗೋ ಹಂಗೆ?"

ಈಗ ಯಾರೂ ನಗಲಿಲ್ಲ. ಬೈಲಪ್ಪನವರು ಕಣ್ಣು ಕೆಳಗೆ ಹಾಕಿದರು. ಮುನಿಶಾಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕಲ್ಲಿನಂತೆ ಕುಳಿತರು. ಕೆಂಪರಾಜ ರಿಮೋಟು ಬಿಸಾಕಿ ಎದ್ದು ಹೊರಗೋಡಿದ.

ಕೊಂಚ ಹೊತ್ತಿಗೆ ಟಿವಿಯಲ್ಲಿ ಬಾಗಿಲು ದಬದಬನೆ ಬಡಿದುಕೊಂಡಿತು. ಹಂಸ ಬೆಚ್ಚಿ ಎದ್ದು ಅಗುಳಿ ತೆಗೆದಳು. ಕೆಂಪರಾಜ ನುಗ್ಗಿ ಫೋನು ಕಿತ್ತುಕೊಂಡ.

"ಯಾರ್ರೀ ನೀವು? ನಮ್ಮನೆ ಒಡೆಯೋಕೆ ನಿಮಗ್ಯಾರು ಹೇಳಿದ್ದು?"

"ನಾನು ಹಂಸ ಅವರ ಜೊತೆ ಮಾತ್ರ ಮಾತಾಡೋದು ಸರ್. ದಯವಿಟ್ಟು ಫೋನ್ ಅವ್ರ ಕೈಗೆ ಕೊಡಿ. ಹಂಸ ಅವರೇ, ನೀವು ಕ್ಷೇಮವಾಗಿದ್ದೀರಾ?"

ಅವನು ಕರೆ ಕಡಿದು ಹಾಕಿದ. ಆಮೇಲೆ ಬೆರಳು ಮೇಲೆತ್ತಿ ತೊಲೆಯನ್ನು ತೋರಿಸಿದ. ಹಂಸ ತಲೆಯೆತ್ತಿ ನೋಡಿದಳು. ನಡುಮನೆಯಲ್ಲಿ ಕುಳಿತವರಿಗೆಲ್ಲ ಅವಳು ತಮ್ಮ ಮುಖವನ್ನೇ ನೋಡಿದಂತಾಯಿತು. ಅಯ್ಯೋ, ಆ ನೋಟ! ಆಗಲೂ ಯಾರೂ ಟಿವಿ ಆರಿಸಲಿಲ್ಲ.

ನ್ಯಾಯ ನಡೆದದ್ದು ಅದೇ ನಡುಮನೆಯಲ್ಲಿ, ಅದೇ ಟಿವಿಯ ಮುಂದೆ. ಹಂಸಳನ್ನು ನಡುವೆ ನಿಲ್ಲಿಸಿದರು. ಮೊದಲು ಸಿಡಿದವರು ಮುನಿಶಾಮಮ್ಮ.

"ನನ್ನ ಮಾನ ಕಳೆದ್ಯಲ್ಲೇ ಪಾಪಿ! ಮೂಕಪ್ರಾಣಿ ಹತ್ರ ಅಂದ್ಕೊಂಡಿದ್ದನ್ನೂ ಕದ್ದು ಕೇಳಿ ಊರಿಗೆಲ್ಲ ಸಾರಿದ್ಯಲ್ಲೇ!"

ಪೀರಪ್ಪ ಗಂಟಲು ಸರಿಮಾಡಿಕೊಂಡ. ಪಂಚಾಯಿತಿ ಎಂದರೆ ಅವನಿಗೆ ಬಾಡೂಟಕ್ಕಿಂತ ರುಚಿ. "ಉಂಡ ಮನೆ ಜಂತೆ ಎಣಿಸಬಾರ್ದು ಕಣಮ್ಮ. ದೊಡ್ಡವ್ರು ಸುಮ್ನೆ ಹೇಳಿಲ್ಲ."

"ನಾನಿನ್ನೂ ಉಂಡಿಲ್ಲ ಚಿಕ್ಕಮಾವ," ಎಂದಳು ಹಂಸ.

ಕೆಂಪರಾಜ ಮುಂದೆ ಬಂದ.

"ಎದುರುತ್ತರ ಬೇರೆ! ನೋಡು, ಇವತ್ತಿಗೆ ಆ ಫೋನ್ ಮಾತು ಬಂದ್. ಇನ್ನೊಂದ್ಸಲ ಅವಳ ಹತ್ರ ಮಾತಾಡಿದ್ರೆ ನೀನು ಬಾಣಸವಾಡಿಗೆ ಹೋಗು, ಮಕ್ಕಳು ಅಲ್ಲಿಂದ ಇಲ್ಲಿಗೆ ಬರ್ತಾರೆ. ಹಬ್ಬ ಮುಗೀಲಿ, ಆ ಹಸುನೂ ಮಾರಿ ಕೊಟ್ಟಿಗೆ ಕೆಡವಿಸ್ತೀನಿ. ಇದಕ್ಕೆಲ್ಲ ಅದೇ ಮೂಲ."

ಕಳ್ಳನಿಗೊಂದು ಪಿಳ್ಳೆ ನೆವ! ಆ ಜಾಗದಲ್ಲಿ ಇನ್ನೊಂದು ಬಾಡಿಗೆ ಮನೆ ಎಬ್ಬಿಸಬೇಕೆಂದು ಅವನು ಯಾವಾಗಿನಿಂದಲೋ ಕಾದಿದ್ದ.

ಮಕ್ಕಳ ಹೆಸರೆತ್ತಿದಾಗ ಹಂಸಳಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಅವಳು ಗಂಡನ ಕಡೆ ತಿರುಗದೆ ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತೆ, ನಿಮ್ಮ ಮಾತು ನಿಮ್ಮದು. ಅದನ್ನ ನಾನು ಎತ್ತಿಕೊಂಡು ಹೋಗಿ ಇನ್ನೊಬ್ರ ಮುಂದೆ ಇಡಬಾರ್ದಿತ್ತು. ಅದು ನನ್ನ ತಪ್ಪು. ನಿಮ್ಮ ಕಾಲಿಗೆ ಬೀಳ್ತೀನಿ." ಬಿದ್ದಳು. ಎದ್ದಳು. ಆಮೇಲೆ ಕುಳಿತವರತ್ತ ತಿರುಗಿದಳು. ಧ್ವನಿ ಒಡೆದಿತ್ತು, ಆದರೆ ಅದರಲ್ಲಿ ಅಳುವಿರಲಿಲ್ಲ. "ಮನೆ ಮಾತು ಬೀದಿಗೆ ತಂದೆ ಅಂತೀರಲ್ಲ... ನಾನು ಅಗುಳಿ ಹಾಕ್ಕೊಂಡು ಒಬ್ರ ಹತ್ರ ಹೇಳ್ದೆ. ಟಿವಿ ಹಾಕ್ಕೊಂಡು ಕೇಳಿದ್ದು ನೀವು. ನಾನು ಹೇಳಿದ್ದಕ್ಕೆ ಬೈಯಿರಿ, ಸಹಿಸ್ಕೊತೀನಿ. ಆದ್ರೆ ಒಂದು ಹೇಳಿ. ಇಷ್ಟು ಜನ ಇದ್ರಿ. ಒಬ್ರಾದ್ರೂ... ಒಬ್ರಾದ್ರೂ ಆಫ್ ಮಾಡಬಾರ್ದಿತ್ತಾ?"



ಆಗಲೇ ಟಿವಿಯಲ್ಲಿ ಕೆಂದಿ ಕೂಗಿತು. ಕೂತು ಏಳುತ್ತ, ಎದ್ದು ಕೂರುತ್ತ ಹಗ್ಗ ಜಗ್ಗಿಕೊಂಡು ಒದ್ದಾಡತೊಡಗಿತ್ತು. "ಅಗೋ ನೋಡ್ರೀ, ಈಯ್ತಾ ಐತೆ!" ಎಂದು ಪೀರಪ್ಪನ ಹೆಂಡತಿ ಮುಂದಕ್ಕೆ ಬಾಗಿದಳು. ಎಲ್ಲರ ತಲೆಗಳೂ ಟಿವಿಯತ್ತ ತಿರುಗಿದವು. ಒಬ್ಬ ಕಜ್ಜಾಯದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ. ಹಂಸ ಕೇಳಿದ ಪ್ರಶ್ನೆ ಎಡೆಯಿಟ್ಟು ಮರೆತ ಎಲೆಯಂತೆ ಅಲ್ಲೇ ಉಳಿಯಿತು. ಇವರೂ ಮನುಷ್ಯರೇ?

ಮುನಿಶಾಮಮ್ಮ ಎದ್ದು ನಿಂತರು. ಟಿವಿಯನ್ನು ನೋಡಿದರು. ಅದನ್ನು ನೋಡುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ, ನಡುಮನೆಯಲ್ಲಿ ಒಂಟಿಯಾಗಿ ನಿಂತ ಸೊಸೆಯನ್ನು ನೋಡಿದರು. ನೆಟ್ಟಗೆ ಹಿತ್ತಿಲಿಗೆ ನಡೆದರು.

ಟಿವಿಯಲ್ಲಿ ಈಗ ಮುನಿಶಾಮಮ್ಮ ಕಾಣಿಸಿಕೊಂಡರು. ಕೆಂದಿಯ ಹಣೆ ಸವರಿದರು. ಆಮೇಲೆ ತಲೆಯೆತ್ತಿ ನೇರವಾಗಿ ಕ್ಯಾಮೆರಾವನ್ನು ದಿಟ್ಟಿಸಿದರು. ಮೂಲೆಯಲ್ಲಿದ್ದ ಉದ್ದನೆಯ ದೋಟಿಗೋಲನ್ನು ಎರಡೂ ಕೈಯಲ್ಲಿ ಎತ್ತಿದರು. ಫಟ್ಟೆಂದು ಒಂದು ಸದ್ದು. ಪರದೆ ಕಪ್ಪಾಯಿತು.

"ಹಂಸಾ!" ಎಂಬ ಕೂಗು ಹಿತ್ತಿಲಿನಿಂದ ಕೇಳಿಸಿತು. ಅದೇ ಸೌದೆ ಸೀಳುವ ಧ್ವನಿ. ಹಂಸಳ ಎದೆ ಝಲ್ಲೆಂದಿತು. ಓಡಿದಳು. ಕೊಟ್ಟಿಗೆಯ ಬಾಗಿಲಿಗೆ ಆಗಲೇ ಗೋಣಿತಾಟು ಕಟ್ಟಿತ್ತು. ಅದರ ಸಂದಿಯಿಂದ ಒಂದು ಕೈ ಬಂದು ಅವಳನ್ನು ಒಳಗೆಳೆದುಕೊಂಡಿತು.

"ಬಿಸಿನೀರು ತರ್ಲಾ ಅತ್ತೆ?"

"ಅದಿರ್ಲಿ." ಮುನಿಶಾಮಮ್ಮ ಅವಳ ಮುಖ ನೋಡಲಿಲ್ಲ. ಕೆಂದಿಯ ಹೊಟ್ಟೆ ನೀವುತ್ತಲೇ ಇದ್ದರು. "ಕರ ಬರೋಕೆ ಇನ್ನೂ ಹೊತ್ತೈತೆ. ಹೋಗು, ಮುದ್ದೆ ಹಾಕ್ಕೊಂಡು ಬಾ. ಇಲ್ಲೇ ಕೂತು ಉಣ್ಣು."

"ಅತ್ತೆ..."

"ನಿನ್ ಮೇಲೆ ಸಿಟ್ಟು ಹೋಗಿಲ್ಲ ಕಣೆ, ತಿಳ್ಕೊ. ನನ್ನ ಮಾತು ನೀನು ಹೇಳಬಾರ್ದಾಗಿತ್ತು." ಅವರು ಕೆಂದಿಯ ಹಗ್ಗ ಸಡಿಲಿಸಿದರು. "ಆದ್ರೆ ಆ ಫೋನಮ್ಮ ನಿಂಗೆ ಏನ್ ಉತ್ತರ ಕೊಟ್ಲು? ನನ್ನಂಗೇ ಆಗ್ಬಿಡ್ತೀನಾ ಅಂತ ಕೇಳ್ದ್ಯಲ್ಲ... ಅಷ್ಟರಲ್ಲಿ ಇವ್ನು ಬಂದ್ಬಿಟ್ಟ."

"ಉತ್ತರ ಕೇಳೋಕೆ ಆಗ್ಲೇ ಇಲ್ಲ ಅತ್ತೆ."

"ಕೇಳು. ಕೇಳಿ ನಂಗೂ ಹೇಳು. ನಂಗ್ ಹಿಂಗೆ ಕೇಳೋಕೆ ಯಾರೂ ಇರ್ಲಿಲ್ಲ. ಇವಳಿದ್ಲು. ಇವಳು ಕೇಳಿಸ್ಕೊತಾಳೆ, ತಿರುಗಿ ಏನೂ ಹೇಳಲ್ಲ."

ಹಂಸ ಅತ್ತೆಯ ಹೆಗಲ ಮೇಲೆ ತಲೆಯಿಟ್ಟಳು. ಮುನಿಶಾಮಮ್ಮ ಸರಿಯಲಿಲ್ಲ. ಹಸುವಿನ ಉಸಿರಿನ ಸದ್ದಿನಲ್ಲಿ ಇಬ್ಬರ ಅಳುವೂ ಮುಚ್ಚಿಹೋಯಿತು.

ಸಂಜೆಯ ಹೊತ್ತಿಗೆ ಕೆಂದಿ ಹೆಣ್ಣುಗರು ಹಾಕಿತು. ಗೋಣಿತಾಟು ಸರಿಸಿ, ಮೊಣಕೈವರೆಗೂ ಒದ್ದೆಯಾಗಿ ಹೊರಬಂದ ಮುನಿಶಾಮಮ್ಮನವರನ್ನು ನೆಂಟರೆಲ್ಲ ಸುತ್ತುವರಿದರು. ಕೆಂಪರಾಜ ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತು ತೆಗೆದರು.

"ಲೋ ಕೆಂಪ, ಈಯೋ ಹಸುನೇ ನೋಡಬಾರ್ದು ಅಂತ ಹಿರೀಕ್ರು ತಾಟು ಕಟ್ತಿದ್ರು. ಅಂಥಾದ್ರಲ್ಲಿ ಒಬ್ಬಳು ಹೊಟ್ಟೇಲಿರೋ ನೋವು ಹೊರಗ್ ಹಾಕೋದನ್ನ ಕಜ್ಜಾಯ ತಿಂತಾ ಕೂತು ನೋಡಿದ್ರಲ್ಲೋ! ನಾನೂ ನೋಡ್ದೆ. ನನ್ನ ಬಾಯಿಗೂ ಮಣ್ಣು ಬೀಳ್ಲಿ. ಇವತ್ತು ಹಿರೀಕರಿಗೆ ಎಡೆ ಇಟ್ಟಿದ್ದೀವಿ ಅಂತೀರಲ್ಲ, ಅವರು ಮೆಚ್ತಾರೇನೋ ಇದನ್ನ?"

"ಅಮ್ಮಾ, ಅವಳು ನಿನ್ನ ಬಗ್ಗೇನೇ..."

"ಅಂದ್ಳು. ಅಂದಿದ್ದು ಸುಳ್ಳೇನೋ? ನಿಮ್ಮಪ್ಪನ್ನ ಕೇಳು." ಬೈಲಪ್ಪನವರು ಕಂಬಕ್ಕೊರಗಿ ನಿಂತಿದ್ದರು. ತಲೆ ಎತ್ತಲಿಲ್ಲ. "ಕೊಟ್ಟಿಗೆ ಮುಟ್ಟಿದ್ರೆ ನನ್ನ ಹೆಣ ದಾಟ್ಕೊಂಡು ಹೋಗ್ಬೇಕು. ಬುಧವಾರ ಅರ್ಧ ಗಂಟೆ ಅವಳದ್ದು. ಅವಳನ್ನ ತವರಿಗೆ ಕಳ್ಸೋ ದಿನ ಇನ್ನೊಂದು ಗಾಡಿ ಹೇಳಿರು. ನಾನೂ ಅವಳ ಜೊತೇಗೇ ಹೊರಡ್ತೀನಿ."

ಕೆಂಪರಾಜ ಕ್ಷಮೆ ಕೇಳಿದನೇ? ಇಲ್ಲ. ಅಂಥವರು ಕೇಳುವುದಿಲ್ಲ. ಮರುದಿನ ಫೋನನ್ನು ಅಡುಗೆಕಟ್ಟೆಯ ಮೇಲೆ ಇಟ್ಟು ಹೋದ, ಅಷ್ಟೆ. ಎಷ್ಟೋ ದಿನ ಹೆಂಡತಿಯ ಜೊತೆ ಮುಖ ಕೊಟ್ಟು ಮಾತನಾಡಲಿಲ್ಲ. ಹಂಸಳಿಗೆ ಅದೇನೂ ಹೊಸದಾಗಿರಲಿಲ್ಲ. ಆದರೆ ಕೊಟ್ಟಿಗೆ ಉಳಿಯಿತು. ಮಕ್ಕಳು ಬಂದರು. ಮಧ್ಯಾಹ್ನ ಅತ್ತೆ ಸೊಸೆಯರ ಎರಡು ತಟ್ಟೆಗಳು ಎಲ್ಲರಿಗಿಂತ ಮೊದಲೇ ಅಲ್ಲದಿದ್ದರೂ, ಎಲ್ಲರ ಜೊತೆಗೇ ಬೀಳತೊಡಗಿದವು.

ಈಗಲೂ ಬುಧವಾರ ಮಧ್ಯಾಹ್ನ ಆ ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಬೀಳುತ್ತದೆ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುನಿಶಾಮಮ್ಮ ಊಟ ನಿದ್ದೆ ಬಿಟ್ಟು ಕಾವಲು ಕೂರುತ್ತಾರೆ. ಹಾಲಿಗೆ ಬಂದವರಿಗೆ, ಬಾಡಿಗೆ ಕೊಡಲು ಬಂದವರಿಗೆ, ಒಮ್ಮೊಮ್ಮೆ ಮಗನಿಗೂ ಒಂದೇ ಮಾತು: "ಹಸು ಈಯ್ತಾ ಐತೆ. ಆಮೇಲ್ ಬಾ." ಕೊಂಬು ಮೂಡುತ್ತಿರುವ ಆ ಕರು ಅವರ ಪಕ್ಕದಲ್ಲೇ ಹುಲ್ಲು ಮೇಯುತ್ತಿರುತ್ತದೆ. ಅದನ್ನು ನೋಡಿಯೂ ಯಾರೂ ಎದುರು ಮಾತಾಡುವುದಿಲ್ಲ.

ಮೊನ್ನೆ ಬೈಲಪ್ಪನವರು ಕೋಲೂರಿಕೊಂಡು ಹಿತ್ತಿಲಿಗೆ ಬಂದರು. ಮುನಿಶಾಮಮ್ಮ ಕೈ ಅಡ್ಡ ಹಿಡಿದರು.

"ಒಳಗೆ ಹೋಗ್ಬ್ಯಾಡಿ."

"ಒಳಗೆ ಹೋಗೋಕೆ ಬಂದಿಲ್ಲ ಕಣೆ." ಅವರು ಕಲ್ಲಿನ ಇನ್ನೊಂದು ತುದಿಯಲ್ಲಿ ಕುಳಿತರು. ಕೋಲಿನ ತುದಿಯಿಂದ ಕರುವಿನತ್ತ ಹುಲ್ಲು ಸರಿಸಿದರು. ಕೊನೆಗೆ, ಹೆಂಡತಿಯ ಕಡೆ ತಿರುಗದೆಯೇ ಕೇಳಿದರು. "ಉಂಡ್ಯಾ?"

ಒಂದು ಮಾತು... ಒಂದೇ ಒಂದು ಮಾತು ಕೇಳಲು ಒಂದು ಆಯಸ್ಸೇ ಬೇಕಾಯಿತು ಆ ಗಂಡಸಿಗೆ! ಮುನಿಶಾಮಮ್ಮ ಸೆರಗನ್ನು ಮುಖಕ್ಕೆಳೆದುಕೊಂಡರು. ಒಳಗೆ ಹಂಸ ಯಾವುದೋ ಮಾತಿಗೆ ಸಣ್ಣಗೆ ನಕ್ಕದ್ದು ಕೇಳಿಸಿತು.

"ಇಲ್ಲ," ಎಂದರು ಮುನಿಶಾಮಮ್ಮ. "ಇನ್ನೂ ಇಲ್ಲ."